ಹೊಲಿಗೆಗೆ ಬಿಟ್ಟ ಅರ್ಧ ಇಂಚು

"ದೋಷ ನನ್ನ ಕಣ್ಣಲ್ಲಿಲ್ಲ, ಈ ಕೋಣೆಯ ಬೆಳಕಲ್ಲಿದೆ! ಸಾಯಂಕಾಲ ಐದು ಗಂಟೆಯೊಳಗೆ ಆ ಬೆಳಕನ್ನ ನಾನೇ, ಈ ಎರಡು ಕೈಯಿಂದಲೇ, ಸರಿ ಮಾಡ್ತೀನಿ. ನೋಡ್ತಾ ಇರು!"

ಮಾಸ್ತರು ಹೀಗೆ ಗುಡುಗಿದಾಗ ಬೆಳಿಗ್ಗೆ ಹತ್ತು ಗಂಟೆ. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಕಪ್ಪು ದಾರ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಅವರು ಅದಾಗಲೇ ಹದಿನಾಲ್ಕು ಸಲ ಸೂಜಿಯ ಮೇಲೆ ದಂಡೆತ್ತಿ ಹೋಗಿದ್ದರು. ಹದಿನಾಲ್ಕು ಸಲವೂ ದಾರ ಸೂಜಿಯ ಪಕ್ಕದಿಂದ ಮರ್ಯಾದೆಯಾಗಿ ಹಾದುಹೋಗಿತ್ತು.

ಮಾಸ್ತರು ಅಂದರೆ ಪಾಠ ಹೇಳುವ ಮಾಸ್ತರಲ್ಲ, ಕೋಟು ಹೊಲಿಯುವ ಮಾಸ್ತರು. ಮೂವತ್ತೈದು ವರ್ಷದಿಂದ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಆಳೆತ್ತರದ ಕನ್ನಡಿ. ಒಂದು ಕಾಲಕ್ಕೆ ಆ ಕಿಟಕಿಯಲ್ಲಿ ಬಿಸಿಲು ಧಾರಾಳವಾಗಿ ಬರುತ್ತಿತ್ತು. ಪಕ್ಕದ ಮನೆಯವರು ಮೇಲೆ ಎರಡು ಅಂತಸ್ತು ಏರಿಸಿದ ದಿನದಿಂದ ಬಿಸಿಲು ಈ ಕಡೆ ತಲೆ ಹಾಕಿಯೂ ಮಲಗಿಲ್ಲ. ಉಳಿದದ್ದು ಚಾವಣಿಯ ಒಂದು ಟ್ಯೂಬ್‌ಲೈಟು. ಅದಕ್ಕೂ ವಯಸ್ಸಾಗಿತ್ತು. ಎರಡೂ ತುದಿ ಕಪ್ಪಾಗಿ, ನಡುವೆ ಮಾತ್ರ ಜೀವ ಹಿಡಿದುಕೊಂಡಿತ್ತು.

"ಹದಿನೈದನೇ ಸಲಕ್ಕೆ ನಾನು ಬರಲಾ?" ಎಂದಳು ಹೆಂಡತಿ. ಆಕೆ ಮೇಜಿನ ಆ ತುದಿಯಲ್ಲಿ ನಿಂತು ಪ್ಯಾಂಟೊಂದಕ್ಕೆ ಇಸ್ತ್ರಿ ಹಾಕುತ್ತಿದ್ದಳು.

"ಬೇಡ!"

"ಹಾಗಾದರೆ ನಾಳೆ ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ. ಒಂದು ಕನ್ನಡಕ ಬಂದರೆ ಎಲ್ಲ ಸರಿಹೋಗುತ್ತೆ."

"ಹೇಳಿದೆನಲ್ಲ, ದೋಷ ಬೆಳಕಿಂದು!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಅದು ಕುಣಿಯೋರ ಗಾದೆ. ಹೊಲಿಯೋರಿಗೆ ಲಾಗೂ ಆಗಲ್ಲ!"

ಕನ್ನಡಕ ಎಂದರೆ ಮಾಸ್ತರಿಗೆ ಹೆದರಿಕೆ. ಇದನ್ನು ನಾನು ಹೇಳುತ್ತಿದ್ದೇನೆ, ಅವರು ಜನ್ಮದಲ್ಲಿ ಒಪ್ಪಲಾರರು. ಅವರಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದ ಗುರುಗಳು ಒಂದು ದಿನ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದರಂತೆ. ತಿಂಗಳೊಳಗೆ "ಅಜ್ಜನಿಗೆ ಕಣ್ಣು ಮಂಜಾಗಿದೆ" ಎಂಬ ಗುಸುಗುಸು ಹಬ್ಬಿತು, ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಕೋಟು ಹೊಲಿದು ಹೆಸರಾಗಿದ್ದ ಮನುಷ್ಯ ಕೊನೆಗೆ ಪ್ಯಾಂಟಿನ ತುದಿ ಮಡಚಿ ಹೊಲಿಯುತ್ತಾ ಕೂತದ್ದನ್ನು ಮಾಸ್ತರು ಕಣ್ಣಾರೆ ನೋಡಿದ್ದರು. ಈಗ ಇವರ ಎದುರು ಸಾಲಿನಲ್ಲೇ ಸಿದ್ಧ ಉಡುಪಿನ ದೊಡ್ಡ ಅಂಗಡಿ ಬಂದಿದೆ. ಆದರೂ ಕೋಟು ಬೇಕಾದವರು ರಸ್ತೆ ದಾಟಿ ಇಲ್ಲಿಗೇ ಬರುತ್ತಾರೆ. ಯಾಕೆಂದರೆ ಕಾಲರಿನ ಅಂಚಿಗೆ ಇಲ್ಲಿ ಕೈಹೊಲಿಗೆ ಹಾಕುತ್ತಾರೆ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ, ಸಾಸಿವೆ ಕಾಳಿನಷ್ಟು ಸಣ್ಣ ಹೊಲಿಗೆ. ಯಂತ್ರಕ್ಕೆ ಅದು ಬಾರದು. ಆ ಹೊಲಿಗೆ ಹಾಕುವವನಿಗೆ ಕಣ್ಣು ಕಾಣುವುದಿಲ್ಲ ಎಂದು ಬೀದಿಗೆ ಗೊತ್ತಾದರೆ ಕಥೆ ಮುಗಿಯಿತು ಎಂಬುದು ಮಾಸ್ತರ ಲೆಕ್ಕ.

ಅಂದು ಐದು ಗಂಟೆಗೆ ವಕೀಲರ ಕರಿ ಕೋಟು ಕೊಡಬೇಕಿತ್ತು. ಎಲ್ಲ ಮುಗಿದಿತ್ತು, ಗುಂಡಿ ತೂರಿಸುವ ಮೂರು ಕಾಜ ಮಾತ್ರ ಕೈಯಲ್ಲಿ ಹೊಲಿಯುವುದು ಬಾಕಿ.

"ಒಂದು ಪಂದ್ಯ," ಎಂದರು ಮಾಸ್ತರು. "ಐದು ಗಂಟೆಗೆ ನಾನು ಹಾಕಿದ ಬೆಳಕಲ್ಲಿ, ನನ್ನ ಬರಿಗಣ್ಣಲ್ಲಿ, ಒಂದೇ ಏಟಿಗೆ ದಾರ ಪೋಣಿಸ್ತೀನಿ. ಪೋಣಿಸಿದರೆ ಕನ್ನಡಕದ ಮಾತು ಈ ಮನೆಯಲ್ಲಿ ಇನ್ನು ಎತ್ತಕೂಡದು!"

"ಪೋಣಿಸದಿದ್ದರೆ?"

"ನಾಳೆ ಬಾಯಿ ಮುಚ್ಚಿಕೊಂಡು ಡಾಕ್ಟರ ಹತ್ತಿರ ಬರ್ತೀನಿ."

"ಬಾಯಿ ಮುಚ್ಚಿಕೊಂಡು? ಅದನ್ನ ನೋಡೋಕಾದರೂ ಪಂದ್ಯ ಒಪ್ಪಿಕೊಳ್ಳಬೇಕು," ಎಂದು ಹೆಂಡತಿ ಒಪ್ಪಿಕೊಂಡಳು.

ಎಲೆಕ್ಟ್ರಿಕ್ ಅಂಗಡಿ ಅದೇ ಬೀದಿಯ ತಿರುವಿನಲ್ಲಿತ್ತು. ಅಂಗಡಿಯವನು ನಿಧಾನದ ಮನುಷ್ಯ, ಕೇಳಿದ್ದಕ್ಕೆಲ್ಲ ಬಿಡಿಸಿ ಬಿಡಿಸಿ ಉತ್ತರ ಹೇಳುವವನು. ಅವನು ಕಪಾಟಿನಿಂದ ರಿಬ್ಬನ್ನಿನಂಥ ಒಂದು ಸುರುಳಿ ತೆಗೆದು ಮಾಸ್ತರ ಮುಂದೆ ಬಿಚ್ಚಿದ. ಅದರ ಉದ್ದಕ್ಕೂ ಅಕ್ಕಿಕಾಳಿನಷ್ಟು ಪುಟ್ಟ ದೀಪಗಳು ಸಾಲಾಗಿ ಕೂತಿದ್ದವು.

"ಇದು ಎಲ್‌ಇಡಿ ಪಟ್ಟಿ ಮಾಸ್ತರೆ, ಹನ್ನೆರಡು ವೋಲ್ಟಿಂದು. ಗೋಡೆ ಕರೆಂಟನ್ನ ನೇರವಾಗಿ ಕೊಟ್ಟರೆ ಒಂದು ಕ್ಷಣ ಮಿಂಚಿ ಗೊಟಕ್ ಅನ್ನುತ್ತೆ. ಅದಕ್ಕೇ ನಡುವೆ ಈ ಅಡಾಪ್ಟರ್ ಬೇಕು. ಕರೆಂಟನ್ನ ಹನ್ನೆರಡಕ್ಕೆ ಇಳಿಸಿ ಕೊಡೋದು ಇದರ ಕೆಲಸ. ಪಟ್ಟಿ ಎಷ್ಟು ಆಂಪು ಎಳೆಯುತ್ತೋ, ಅಡಾಪ್ಟರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ತಾಕತ್ತು ಇರಬೇಕು."

"ಸೊಂಟದ ಅಳತೆ ಇದ್ದ ಹಾಗೆ," ಎಂದರು ಮಾಸ್ತರು ತಲೆದೂಗುತ್ತಾ. "ಮೂವತ್ತಾರು ಇದ್ದವನಿಗೆ ಮೂವತ್ತೇಳು ಕೊಡಬೇಕು. ಊಟ ಆದಮೇಲೆ ಅವನು ಉಸಿರಾಡಬೇಕಲ್ಲ!"

"ಹಾಗೇ ಅಂದ್ಕೊಳ್ಳಿ. ಈ ಕ್ಲಿಪ್ಪು ಪಟ್ಟಿಯ ತುದಿಯನ್ನ ಕಚ್ಚಿ ಹಿಡಿಯುತ್ತೆ. ಕ್ಲಿಪ್ಪಿನ ಕೆಂಪು ತಂತಿ ಪ್ಲಸ್ಸು, ಕರೀದು ಮೈನಸ್ಸು. ಅಡಾಪ್ಟರಿಗೆ ಹಾಕುವಾಗ ಪ್ಲಸ್ಸಿಗೆ ಪ್ಲಸ್ಸೇ ಸೇರಬೇಕು. ಎಲ್‌ಇಡಿ ಒಂದೇ ದಿಕ್ಕಿಗೆ ದಾರಿ ಬಿಡೋದು, ಅದಲುಬದಲಾದರೆ ಉರಿಯಲ್ಲ. ಆಮೇಲೆ, ಪಟ್ಟಿಯನ್ನ ಬೇಕಾದಷ್ಟು ಉದ್ದಕ್ಕೆ ಕತ್ತರಿಸಬಹುದು, ಆದರೆ ಈ ಗೆರೆ ಮೇಲೆ ಮಾತ್ರ. ನೋಡಿ, ಗೆರೆ ಪಕ್ಕ ಪುಟ್ಟದಾಗಿ ಕತ್ತರಿ ಚಿತ್ರ ಹಾಕಿದಾರೆ."

ಮಾಸ್ತರು ಬಗ್ಗಿ ನೋಡಿದರು. ಗೆರೆಯೂ ಕಾಣಲಿಲ್ಲ, ಕತ್ತರಿಯೂ ಕಾಣಲಿಲ್ಲ. "ಆಹಾ, ಎಷ್ಟು ಸ್ಪಷ್ಟವಾಗಿದೆ!" ಎಂದರು.

ಆದರೆ ಕತ್ತರಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವರ ಎದೆ ಉಬ್ಬಿತು. ವಿದ್ಯುತ್ತಿನ ಸಾಮಾನಿನ ಮೇಲೂ ತಮ್ಮ ಕಸುಬಿನ ಲಾಂಛನ! ಅಂಗಡಿಯವನು ಆಮೇಲೆ ಇನ್ನೂ ಐದು ನಿಮಿಷ ಏನೋ ಹೇಳಿದ. ಅದರಲ್ಲಿ ಒಂದು ಅಕ್ಷರವೂ ಮಾಸ್ತರ ತಲೆಗೆ ಹೋಗಲಿಲ್ಲ.

"ಬೇಕಾದರೆ ನಾನೇ ಬಂದು ಹಾಕಿಕೊಡ್ತೀನಿ. ಅರ್ಧ ಗಂಟೆ ಕೆಲಸ," ಎಂದ ಅವನು ಕೊನೆಗೆ.

"ಎಲ್ಲಾ ಬಿಟ್ಟು ಕತ್ತರಿ ಕೆಲಸವನ್ನ ನನಗೆ ಹೇಳಿಕೊಡ್ತೀಯಾ? ಮೀನಿಗೆ ಈಜು ಕಲಿಸಿದ ಹಾಗಾಯ್ತು!" ಎಂದು ಮಾಸ್ತರು ನಾಲ್ಕು ಅಡಿ ಪಟ್ಟಿ, ಎರಡು ಕ್ಲಿಪ್ಪು, ಒಂದು ಅಡಾಪ್ಟರ್ ಕಂಕುಳಲ್ಲಿ ಇರುಕಿಕೊಂಡು ಹೊರಟರು.

ಮನೆಗೆ ಬಂದವರೇ ಮೊದಲು ಮಾಡಿದ ಕೆಲಸ ಹಳೆಯ ಟ್ಯೂಬ್‌ಲೈಟನ್ನು ಇಳಿಸಿದ್ದು.

"ಹೊಸದು ಉರಿಯೋ ತನಕ ಅದು ಅಲ್ಲೇ ಇರಲಿ," ಎಂದಳು ಹೆಂಡತಿ.

"ಹಳೇ ಹೊಲಿಗೆ ಬಿಚ್ಚದೆ ಹೊಸ ಹೊಲಿಗೆ ಹಾಕ್ತಾರೇನೇ?"

ಮೇನ್ ಸ್ವಿಚ್ಚು ಆರಿಸಿ, ಸ್ಟೂಲು ಹತ್ತಿ, ಟ್ಯೂಬನ್ನು ತಿರುಗಿಸಿ ಎಳೆದರು. ಅದು ಸಲೀಸಾಗಿ ಕೈಗೆ ಬಂತು. ಅಷ್ಟೇ ಸಲೀಸಾಗಿ ಕೈಯಿಂದ ಜಾರಿಯೂ ಹೋಯಿತು. 'ಫಟ್' ಎಂದು ನೆಲಕ್ಕೆ ಬಿದ್ದು ನೂರು ಚೂರಾಯಿತು. ಹೆಂಡತಿ ಬಾಗಿಲು ಕಿಟಕಿ ತೆರೆದಿಟ್ಟು, ಒದ್ದೆ ಕಾಗದದಲ್ಲಿ ಚೂರುಗಳನ್ನು ಒತ್ತಿ ಒತ್ತಿ ಎತ್ತಿದಳು. ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಮೇಜಿನ ಮೇಲ್ಗಡೆ ಗೋಡೆಗೆ ಎರಡಡಿಯ ಎರಡು ಹಲಗೆಗಳು ಒತ್ತೊತ್ತಾಗಿ ಇದ್ದವು, ನೂಲಿನ ಉಂಡೆ ಇಡುವುದಕ್ಕೆ. ಅವುಗಳ ತಳಕ್ಕೆ ದೀಪದ ಪಟ್ಟಿ ಅಂಟಿಸಿದರೆ ಬೆಳಕು ನೇರ ಮೇಜಿನ ಮೇಲೆ ಬೀಳುತ್ತದೆ. ಪಟ್ಟಿಯ ಬೆನ್ನಿಗೆ ಅಂಟೂ ಇತ್ತು. ಆದರೆ ಮಾಸ್ತರಿಗೆ ಅಂಟು ಎಂದರೆ ಅಲರ್ಜಿ.

"ಅಂಟಿಸೋದು ಲಕೋಟೆ ಮಾಡೋರ ಕೆಲಸ. ನಾನು ಹೊಲೀತೀನಿ. ಕೋಟಿನ ಒಳಗೆ ಹಾಕೋ ದಪ್ಪ ಬಟ್ಟೆಯಲ್ಲಿ ಎರಡು ಪಟ್ಟಿ ಮಾಡಿ, ಅದಕ್ಕೆ ದೀಪ ಹೊಲಿದು, ಹಲಗೆಗೆ ಗುಂಡಿ ಹಾಕಿ ತೂಗುಬಿಡ್ತೀನಿ. ಕೊಳೆ ಆದರೆ ಬಿಚ್ಚಿ ಒಗೀಬಹುದು."

"ದೀಪ ಒಗೀತಾರೇನ್ರೀ?"

"ಬಟ್ಟೆ ಒಗೀತಾರೆ!"

ಹಲಗೆ ಎರಡು ಎಂದ ಮೇಲೆ ಪಟ್ಟಿಯೂ ಎರಡು ತುಂಡಾಗಬೇಕು. ತಮಗೆ ಕೈ ಬಿಡುವಿಲ್ಲವೆಂದು ನಟಿಸಿ, ಗೆರೆ ಹುಡುಕುವ ಕೆಲಸವನ್ನು ಮಾಸ್ತರು ಹೆಂಡತಿಗೆ ಒಪ್ಪಿಸಿದರು. ಆಕೆ ಪಟ್ಟಿಯನ್ನು ಬಾಗಿಲ ಬಳಿ ಒಯ್ದು, ಕಣ್ಣು ಕಿರಿದು ಮಾಡಿ, ನಟ್ಟನಡುವಿನ ಗೆರೆಯ ಪಕ್ಕ ಸೀಮೆಸುಣ್ಣದಿಂದ ಗುರುತು ಹಾಕಿ ತಂದುಕೊಟ್ಟಳು. ಮಾಸ್ತರು ಗುರುತಿನ ಮೇಲೆ ಅಳತೆ ಟೇಪು ಇಟ್ಟರು. ಅಲ್ಲಿಂದ ಅರ್ಧ ಇಂಚು ಮುಂದಕ್ಕೆ ಹೋಗಿ ಕಚಕ್ ಎಂದು ಕತ್ತರಿಸಿದರು.

"ಗೆರೆ ಅಲ್ಲಿತ್ತು ಕಣ್ರೀ!"

"ಗೆರೆ ಮೇಲೇ ಕತ್ತರಿಸೋಕೆ ನಾನೇನು ನಿನ್ನೆ ಕಲಿತವನಾ? ಅರ್ಧ ಇಂಚು ಹೊಲಿಗೆಗೆ ಬಿಡಬೇಕು. ನಾಳೆ ದೀಪ ಬಿಗಿಯಾಯ್ತು ಅಂದರೆ ಸಡಿಲ ಮಾಡೋಕೆ ಬಟ್ಟೆ ಎಲ್ಲಿಂದ ತರಲಿ?"

ಮೂವತ್ತೈದು ವರ್ಷದ ಅಭ್ಯಾಸ! ನಿದ್ದೆಯಲ್ಲಿ ಕಾಗದ ಕೊಟ್ಟು ಕತ್ತರಿಸು ಎಂದರೂ ಆ ಕೈ ಅರ್ಧ ಇಂಚು ಬಿಟ್ಟೇ ಕತ್ತರಿಸುತ್ತಿತ್ತು.

ಮುಂದಿನದು ತಂತಿಯ ಸರದಿ. ಎರಡು ತುಂಡಿನ ಆಚೆ ಈಚೆ ತುದಿಗೆ ಒಂದೊಂದು ಕ್ಲಿಪ್ಪು ಕಚ್ಚಿಸಿ ದೂರ ನಿಂತು ನೋಡಿದರು. ಬಿಳಿ ಗೋಡೆಯ ಮೇಲೆ ಒಂದು ಕೆಂಪು, ಒಂದು ಕರಿ ತಂತಿ ಇಳಿಬಿದ್ದದ್ದು ಕಂಡು ಅವರ ಮುಖ ಹುಳ್ಳಗಾಯಿತು.

"ಛೀ! ಬಿಳಿ ಅಂಗಿಗೆ ಕೆಂಪು ದಾರ ಹಾಕಿದ ಹಾಗಿದೆ. ಯಾವ ಬಟ್ಟೆಗೆ ಆ ದಾರ! ಇಷ್ಟೂ ತಿಳೀದೆ ಇದನ್ನ ಮಾಡಿದವನ್ಯಾರು?"

ಕ್ಲಿಪ್ಪಿನ ಬುಡಕ್ಕೇ ಕೆಂಪು ಕರಿ ಎರಡನ್ನೂ ಕತ್ತರಿಸಿ ಎಸೆದರು. ಮನೆಯಲ್ಲಿದ್ದ ಕರೆಗಂಟೆಯ ಬಿಳಿ ತಂತಿಯನ್ನು ಸುತ್ತಿ, ಬಿಳಿ ಟೇಪಿನಿಂದ ಎಷ್ಟು ಚೊಕ್ಕವಾಗಿ ಮುಚ್ಚಿದರೆಂದರೆ ಕೆಂಪೆಲ್ಲಿತ್ತು, ಕರಿಯೆಲ್ಲಿತ್ತು ಎಂದು ಆ ತಂತಿಗಳಿಗೂ ನೆನಪಿರಲಿಲ್ಲ. ನಾಲ್ಕು ಬಿಳಿ ತುದಿಗಳು ಗೋಡೆಯಲ್ಲಿ ಕರಗಿಹೋದವು. ಮಾಸ್ತರು ಪರಮ ತೃಪ್ತರಾದರು.

ಹೊಲಿಯುವ ಮೊದಲು ಗುಂಡುಸೂಜಿ ಚುಚ್ಚಿ ತಾತ್ಕಾಲಿಕವಾಗಿ ನಿಲ್ಲಿಸುವುದು ದರ್ಜಿಗಳ ಪದ್ಧತಿ. ಅದರಂತೆ ದೀಪದ ಪಟ್ಟಿಯನ್ನು ದಪ್ಪ ಬಟ್ಟೆಯ ಮೇಲಿಟ್ಟು, ಅಡ್ಡಡ್ಡಲಾಗಿ, ಎರಡೆರಡು ಬೆರಳಿಗೊಂದರಂತೆ ಗುಂಡುಸೂಜಿ ಚುಚ್ಚಿದರು. ಹಲಗೆಗೆ ತೂಗಿಸಿದರು. ಅಡಾಪ್ಟರಿನ ತುದಿಯ ಪುಟ್ಟ ಡಬ್ಬಿಯಲ್ಲಿ ಎರಡು ತಿರುಪುಗಳಿದ್ದವು. ಒಂದರಲ್ಲಿ ಎರಡು ಬಿಳಿ ತಂತಿ, ಇನ್ನೊಂದರಲ್ಲಿ ಎರಡು ಬಿಳಿ ತಂತಿ ಸಿಕ್ಕಿಸಿ ಬಿಗಿದರು. ಆಗ ಎರಡೂವರೆ ಗಂಟೆ.

"ಹಿಂದೆ ಸರಿ. ಕಣ್ಣು ಕುಕ್ಕೀತು!" ಎಂದು ಎಚ್ಚರಿಸಿ ಸ್ವಿಚ್ಚು ಒತ್ತಿದರು.

ಅಡಾಪ್ಟರಿನ ಮೈಮೇಲಿದ್ದ ಸಾಸಿವೆಯಷ್ಟು ಹಸಿರು ದೀಪ 'ಟಿಕ್' ಎಂದು ಹತ್ತಿತು. 'ಟಿಕ್' ಎಂದು ಆರಿತು. ಮತ್ತೆ ಟಿಕ್. ಮತ್ತೆ ಟಿಕ್. ಪಟ್ಟಿ ಮಾತ್ರ ಕಲ್ಲಿನಂತೆ ಕೂತಿತ್ತು.

"ಕುಕ್ಕಲಿಲ್ಲ," ಎಂದಳು ಹೆಂಡತಿ. ಆಮೇಲೆ ಸ್ವಿಚ್ಚು ಆರಿಸಿ, ಎಲೆಕ್ಟ್ರಿಕ್ ಅಂಗಡಿಗೆ ಫೋನು ಹಚ್ಚಿ ಗಂಡನ ಕಿವಿಗೆ ಹಿಡಿದಳು.

"ಟಿಕ್ ಟಿಕ್ ಅಂತಿದೆಯಾ? ಹಾಗಾದರೆ ಎಲ್ಲೋ ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಗ್ತಿದೆ," ಎಂದ ಅಂಗಡಿಯವನು. "ಅಡಾಪ್ಟರ್ ಒಳ್ಳೇದು, ಅದಕ್ಕೇ ತನ್ನಷ್ಟಕ್ಕೆ ಆಫ್ ಆಗ್ತಿದೆ. ಪಟ್ಟಿ ಮೇಲೆ ಲೋಹ ಏನಾದರೂ ಬಿದ್ದಿದೆಯಾ ನೋಡಿ."

"ಲೋಹನಾ? ಬಟ್ಟೆ ಹೊಲಿಯೋ ಮನೆಯಲ್ಲಿ ಲೋಹ ಎಲ್ಲಿಂದ ಬರಬೇಕಪ್ಪಾ?" ಎಂದರು ಮಾಸ್ತರು. ಮಾತು ತುಟಿಯ ಸಂದಿಯಿಂದ ಬಂತು, ಯಾಕೆಂದರೆ ಅವರ ಬಾಯಲ್ಲಿ ಇನ್ನೂ ನಾಲ್ಕು ಗುಂಡುಸೂಜಿಗಳಿದ್ದವು. ಹೆಂಡತಿ ಕೈ ಚಾಚಿ ಆ ನಾಲ್ಕನ್ನೂ ಒಂದೊಂದಾಗಿ ಕಿತ್ತು ಅವರ ಕಣ್ಣ ಮುಂದೆ ಹಿಡಿದಳು.

ಮಾಸ್ತರು ಗುಂಡುಸೂಜಿಯನ್ನು ನೋಡಿದರು, ಪಟ್ಟಿಯನ್ನು ನೋಡಿದರು. "ಆಮೇಲೆ ಮಾಡ್ತೀನಪ್ಪಾ," ಎಂದು ಫೋನಿಟ್ಟರು.

ಚುಚ್ಚಿದ್ದು ಇಪ್ಪತ್ತಾರು. ಇಪ್ಪತ್ತಾರನ್ನೂ ಕೀಳಬೇಕಾಯಿತು. ಪುಣ್ಯಕ್ಕೆ ಪಟ್ಟಿಗೆ ಏನೂ ಆಗಿರಲಿಲ್ಲ. ಹೆಂಡತಿ ದಾರ ಪೋಣಿಸಿಕೊಟ್ಟಳು, ಮಾಸ್ತರು ಪಟ್ಟಿಗೆ ಸೂಜಿ ತಾಗದಂತೆ ಅದರ ಮೇಲಿಂದ ದಾರ ಸುತ್ತಿ ಸುತ್ತಿ ಬಟ್ಟೆಗೆ ಕಟ್ಟಿದರು. ಆ ದಾರ ಪೋಣಿಸಿದ್ದು ಪಂದ್ಯದ ಲೆಕ್ಕಕ್ಕೆ ಬರುವುದಿಲ್ಲ ಎಂದು ಮೊದಲೇ ಮಾತಾಯಿತು.

ಕಟ್ಟಿ ಮುಗಿಯುವಷ್ಟರಲ್ಲಿ ವಕೀಲರು ಬಂದರು. ಐದಕ್ಕೆ ಬನ್ನಿ ಎಂದರೆ ಮೂರೂವರೆಗೇ ಬರುವ ದುಂಡನೆಯ, ನಗುಮುಖದ ಮನುಷ್ಯ. ಮಾರನೆಯ ದಿನ ಮೊದಲ ಬಾರಿಗೆ ದೊಡ್ಡ ನ್ಯಾಯಾಲಯದಲ್ಲಿ ಅವರ ವಾದ. ಹಳೆಯ ಕೋಟಿನ ಮೊಣಕೈ ಸವೆದು ಒಳಗಿನ ಅಂಗಿ ಇಣುಕುತ್ತಿತ್ತು.

"ಏನು ಮಾಸ್ತರೆ, ಕತ್ತಲಲ್ಲಿ ಕೂತಿದ್ದೀರಿ?"

"ಬೆಳಕು ಬರ್ತಾ ಇದೆ ಸಾರ್. ಬಂದೇ ಬಿಡ್ತು. ಇದೊಂದು ಸ್ವಲ್ಪ ಹಿಡ್ಕೊಳ್ಳಿ," ಎಂದು ಮಾಸ್ತರು ಅಡಾಪ್ಟರನ್ನು ವಕೀಲರ ಕೈಗೆ ಕೊಟ್ಟು ಸ್ವಿಚ್ಚು ಹಾಕಿದರು. ಈ ಸಲ ಹಸಿರು ದೀಪ ಮಿನುಗದೆ ಸ್ಥಿರವಾಗಿ ನಿಂತಿತು. ಪಟ್ಟಿ ಉರಿಯಲಿಲ್ಲ.

"ಪ್ಲಸ್ಸು ಯಾವುದು, ಮೈನಸ್ಸು ಯಾವುದು?" ಎಂದರು ವಕೀಲರು.

"ಎರಡೂ ಬಿಳಿ."

"ಬಣ್ಣ ಕೇಳಲಿಲ್ಲ. ಯಾವುದು ಪ್ಲಸ್ಸು?"

"ಒಂದು ಪ್ಲಸ್ಸು, ಇನ್ನೊಂದು ಮೈನಸ್ಸು ಸಾರ್."

"ಸಾಕ್ಷಿ ಪ್ರಶ್ನೆಗೆ ಉತ್ತರ ಕೊಡ್ತಿಲ್ಲ," ಎಂದು ವಕೀಲರು ಹೆಂಡತಿಯ ಕಡೆ ತಿರುಗಿದರು. "ಅಮ್ಮಾ, ಗುರುತು ಅಳಿಸಿದವರು ಯಾರು?"

"ಗೋಡೆ ಬಣ್ಣಕ್ಕೆ ಹೊಂದಲಿಲ್ಲ ಅಂತ ಇವರೇ ಕಿತ್ತು ಹಾಕಿದರು."

"ಅಂದರೆ ಸಾಕ್ಷ್ಯನಾಶ!"

ಮಾಸ್ತರು ಇಂಗು ತಿಂದ ಮಂಗನಂತಾದರು. ಮತ್ತೆ ಫೋನು ಹೋಯಿತು. "ಹೆದರಬೇಡಿ, ತಿರುಗಾಮುರುಗಾ ಆದರೆ ಈ ಪಟ್ಟಿ ಉರಿಯಲ್ಲ, ಅಷ್ಟೇ," ಎಂದ ಅಂಗಡಿಯವನು. "ಸ್ವಿಚ್ಚು ಆರಿಸಿ, ಒಂದು ತುಂಡಿನ ಎರಡು ತಂತಿಗಳನ್ನ ಅದಲುಬದಲು ಮಾಡಿ ನೋಡಿ. ಆಮೇಲೆ ಇನ್ನೊಂದರದ್ದು. ಮೈನಸ್ಸು ಯಾವುದು ಅಂತ ಗೊತ್ತಾದ ತಕ್ಷಣ ಕಪ್ಪು ದಾರ ಕಟ್ಟಿ ಮಾಸ್ತರೆ, ದಮ್ಮಯ್ಯ!"

ಎಡಗಡೆಯ ತುಂಡಿನ ತಂತಿ ತಿರುಗಿಸಿದರು. ಸ್ವಿಚ್ಚು ಹಾಕಿದರೆ, ಝಗ್ಗನೆ ಬೆಳಕು! ಬಲಗಡೆಯದನ್ನೂ ತಿರುಗಿಸಿದರು. ಅದೂ ಝಗ್! ಕೋಣೆಯ ಮೂಲೆಮೂಲೆಯಲ್ಲಿ ವರ್ಷಗಳಿಂದ ಅಡಗಿದ್ದ ನೂಲಿನ ತುಂಡುಗಳೆಲ್ಲ ಸಿಕ್ಕಿಬಿದ್ದವು. ಮಾಸ್ತರು ಸೊಂಟದ ಮೇಲೆ ಕೈಯಿಟ್ಟು ಹೆಂಡತಿಯನ್ನು ನೋಡಿದರು.

"ಏನಂತೀಯಾ?"

"ನಡುವೆ ಮೂರು ಹಲ್ಲು ಉದುರಿದೆ ಅಂತೀನಿ."

ನಿಜ. ಎಡತುಂಡಿನ ಕೊನೆಯಲ್ಲಿ ಒಂದು ದೀಪ, ಬಲತುಂಡಿನ ಆರಂಭದಲ್ಲಿ ಎರಡು ದೀಪ, ಮೂರೂ ಸತ್ತು ಮಲಗಿದ್ದವು. ಬಾಕಿ ಕಡೆಯೆಲ್ಲ ಹಾಲು ಚೆಲ್ಲಿದ ಹಾಗೆ ಬೆಳಕು. ಆದರೆ ಮಾಸ್ತರು ಕೂತು ಸೂಜಿ ಹಿಡಿಯುವ ಜಾಗ ಎರಡು ಹಲಗೆಯ ಸಂದಿಯ ಕೆಳಗೆ, ಸರಿಯಾಗಿ ಅಲ್ಲೇ ಒಂದು ಕತ್ತಲೆಯ ತೇಪೆ! 'ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ, ಸ್ವಲ್ಪ ಸರಿದು ಕೂತ್ಕೊಳ್ಳಿ' ಎಂದರು ವಕೀಲರು. ಮೂವತ್ತೈದು ವರ್ಷ ಕೂತ ಜಾಗ ಬಿಟ್ಟು ಕದಲುವ ಪೈಕಿ ಮಾಸ್ತರಲ್ಲ. ಮೂರನೇ ಸಲ ಫೋನು ಮಾಡುವ ಮುಖ ಅವರಿಗಿರಲಿಲ್ಲ, ಹೆಂಡತಿಯೇ ಮಾಡಿದಳು. ಅಂಗಡಿಯವನು ಮಾತು ಬೇಡವೆಂದು ಅಂಗಡಿಗೆ ಬೀಗ ಹಾಕಿ ಓಡಿಯೇ ಬಂದ. ಪಟ್ಟಿಯ ತುದಿ ನೋಡಿದ್ದೇ ಹಣೆ ಚಚ್ಚಿಕೊಂಡ.

"ಮಾಸ್ತರೆ, ಗೆರೆ ಬಿಟ್ಟು ಇಲ್ಲಿ ಯಾಕೆ ಕತ್ತರಿಸಿದಿರಿ?"

"ಹೊಲಿಗೆಗೆ ಅರ್ಧ ಇಂಚು..."

"ಅಯ್ಯೋ! ಇವು ಮೂರು ಮೂರು ದೀಪ ಕೈ ಕೈ ಹಿಡ್ಕೊಂಡು ನಿಂತಿರೋವು. ಕರೆಂಟು ಒಂದರಿಂದ ಇನ್ನೊಂದಕ್ಕೆ ಹೋಗಿ, ಮೂರನ್ನೂ ದಾಟಿದರೇನೇ ಉರಿಯೋದು. ಹನ್ನೆರಡು ವೋಲ್ಟನ್ನ ಆ ಮೂರೂ, ಪಕ್ಕದಲ್ಲಿರೋ ಈ ಪುಟ್ಟ ರೆಸಿಸ್ಟರೂ ಹಂಚಿಕೊಳ್ತವೆ. ನಡುವೆ ಕತ್ತರಿ ಹಾಕಿದರೆ ಮೂರೂ ಹೋದ ಹಾಗೆ. ಗುಂಪು ಗುಂಪಿನ ನಡುವೆ ಕತ್ತರಿಸಬೇಕು, ಗುಂಪಿನ ಒಳಗಲ್ಲ. ದೀಪಕ್ಕೆ ಹೊಲಿಗೆ ಬಿಡೋದು ಅಂತ ಇಲ್ಲ ಮಾಸ್ತರೆ!"

ಅವನು ಎಡತುಂಡಿನ ಅನಾಥ ದೀಪವನ್ನು ಗೆರೆಗೆ ಸರಿಯಾಗಿ ಕತ್ತರಿಸಿ ತೆಗೆದ. ಬಲತುಂಡಿನ ಇಬ್ಬರನ್ನೂ ಮುಂದಿನ ಗೆರೆಯವರೆಗೆ ತೆಗೆದ. ಎರಡು ತುಂಡನ್ನೂ ಎಳೆದು ನಡುವೆ ಮುಖಕ್ಕೆ ಮುಖ ಕೂಡಿಸಿದ. ಈಗ ಹಲಗೆಯ ಆಚೆ ಈಚೆ ತುದಿಯಲ್ಲಿ ಒಂದೊಂದು ಬೆರಳು ಖಾಲಿ ಉಳಿಯಿತು, ನಡುವೆ ಮಾತ್ರ ಬೆಳಕಿಗೆ ಕೊರತೆ ಇರಲಿಲ್ಲ.

ಗೋಡೆ ಗಡಿಯಾರ ಐದು ಬಾರಿಸಲು ಐದು ನಿಮಿಷವಿತ್ತು. ಎಲ್ಲರೂ ಮೇಜಿನ ಸುತ್ತ ನಿಂತರು. ಮಾಸ್ತರು ತಮ್ಮ ಜಾಗದಲ್ಲಿ ಕೂತು ಸೂಜಿ ಎತ್ತಿಕೊಂಡರು. ಗುರುಗಳ ದಪ್ಪ ಗಾಜು, ಮಡಚಿದ ಪ್ಯಾಂಟಿನ ರಾಶಿ, ಎಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋಯಿತು. ದಾರದ ತುದಿ ನಾಲಿಗೆಗೆ ತಾಗಿಸಿದರು, ಒಂದು ಕಣ್ಣು ಮುಚ್ಚಿದರು, ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದರು.

ಒಂದೇ ಏಟು. ದಾರ ಸುಯ್ಯನೆ ಒಳಗೆ ಹೋಯಿತು!

ವಕೀಲರು ಚಪ್ಪಾಳೆ ತಟ್ಟಿದರು. ಅಂಗಡಿಯವನು ಶಿಳ್ಳೆ ಹಾಕಿದ. ಹೆಂಡತಿಯೂ ನಕ್ಕು, "ಸೋತೆ ಕಣ್ರೀ. ಇನ್ನು ಕನ್ನಡಕದ ಮಾತು ಎತ್ತಲ್ಲ," ಎಂದಳು.

ಮಾಸ್ತರ ಹಿಗ್ಗು ಕೋಣೆಯಲ್ಲಿ ಹಿಡಿಸಲಿಲ್ಲ. "ಬೆಳಗಿಂದ ಬಡ್ಕೊಂಡೆ, ಕಣ್ಣು ಸರಿಯಾಗಿದೆ ಅಂತ! ಯಾರಾದರೂ ಕೇಳಿದಿರಾ? ವಕೀಲರೆ, ಬನ್ನಿ ಇಲ್ಲಿ. ಈ ಬೆಳಕಲ್ಲಿ ನಿಮ್ಮ ಕಾಲರಿನ ಅಂಚು ನೋಡಿ. ನಿನ್ನೆ ಬೆಳಿಗ್ಗೆ ಆ ಕತ್ತಲಲ್ಲಿ ಕೂತು ಹಾಕಿದ ಕೈಹೊಲಿಗೆ. ಈ ಬೀದಿಯಲ್ಲಿ, ಈ ಊರಲ್ಲಿ, ಇಂಥ ಹೊಲಿಗೆ ಇನ್ಯಾರ ಕೈಗಾದರೂ ಬರುತ್ತಾ?"

ಕೋಟನ್ನು ದೀಪದ ಕೆಳಗೆ ಹರಡಿ ಬೆರಳಿಟ್ಟು ತೋರಿಸಿದರು. ತೋರಿಸುತ್ತಾ ತಾವೂ ನೋಡಿದರು. ನೋಡುತ್ತಾ ಬೆರಳು ನಿಂತುಬಿಟ್ಟಿತು.

ಹೊಲಿಗೆ ಸೊಗಸಾಗಿತ್ತು. ಸಾಸಿವೆ ಕಾಳಿನಂತೆ, ಒಂದರ ಪಕ್ಕ ಒಂದು, ತಪ್ಪಿಲ್ಲದೆ ಕೂತಿತ್ತು. ಆದರೆ ಎಲ್ಲ ಹೊಲಿಗೆಯೂ ಎಡಕ್ಕೆ ವಾಲಿತ್ತು. ಮಾಸ್ತರ ಹೊಲಿಗೆ ಬಲಕ್ಕೆ ವಾಲುವಂಥದ್ದು. ಬಲಗೈಯವರದೆಲ್ಲ ಹಾಗೆಯೇ. ಪಕ್ಕದಲ್ಲೇ ಬಟ್ಟೆಯ ಮೇಲೆ ಕೂದಲಿನಷ್ಟು ಸಣ್ಣ ತೂತುಗಳ ಸಾಲು ಕಂಡಿತು. ಯಾರೋ ಸೊಟ್ಟಗೆ ಹೊಲಿದದ್ದನ್ನು ಯಾರೋ ಬಿಚ್ಚಿದ ಗುರುತು.

ಮಾಸ್ತರು ಎದ್ದರು. ಮೊಳೆಗೆ ತೂಗಿದ್ದ ಇನ್ನೊಂದು ಕೋಟು ತಂದು ದೀಪಕ್ಕೆ ಹಿಡಿದರು. ಎಡಕ್ಕೆ ವಾಲಿತ್ತು. ಮತ್ತೊಂದು ತಂದರು. ಅದೂ ಎಡಕ್ಕೆ. ಆ ಮನೆಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವವರು ಒಬ್ಬರೇ. ಅವರು ಈಗ ಇಸ್ತ್ರಿಪೆಟ್ಟಿಗೆಯ ತಂತಿಯನ್ನು ಸುಮ್ಮನೆ ಸುತ್ತುತ್ತಾ, ತಲೆ ಎತ್ತದೆ ನಿಂತಿದ್ದರು.

"ಯಾವಾಗಿಂದ?" ಎಂದರು ಮಾಸ್ತರು ಮೆಲ್ಲಗೆ.

"ಮೂರು ವರ್ಷ ಆಯ್ತು."

"ಯಾವಾಗ ಮಾಡ್ತಿದ್ದೆ?"

"ನೀವು ಮಧ್ಯಾಹ್ನ ಊಟ ಮಾಡಿ ಮಲಗ್ತೀರಲ್ಲ, ಆವಾಗ."

ಮಾಸ್ತರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಮೂರು ವರ್ಷದಿಂದ ಗಿರಾಕಿಗಳ ಹೊಗಳಿಕೆಯನ್ನೆಲ್ಲ ತಾವೊಬ್ಬರೇ ನಿಂತು ಸ್ವೀಕರಿಸಿದ್ದು ನೆನಪಾಗಿ ತಲೆ ತಗ್ಗಿಸಿದರು. ಆದರೂ ಮೂವತ್ತೈದು ವರ್ಷದ ಕಸುಬುದಾರ, ಸುಳ್ಳಿನ ಕೋಟು ಗಿರಾಕಿಗೆ ತೊಡಿಸಲಾರ. ವಕೀಲರ ಕಡೆ ತಿರುಗಿ ಕೈ ಜೋಡಿಸಿದರು.

"ಸಾರ್, ತಪ್ಪಾಯ್ತು. ಈ ಹೊಲಿಗೆ ನನ್ನದಲ್ಲ, ಇವಳದು. ನನಗೆ ಕಣ್ಣು ಮಂಜಾಗಿದೆ. ನಿಮಗೆ ಬೇಡ ಅನ್ನಿಸಿದರೆ ಎದುರಿನ ಅಂಗಡಿಗೆ..."

"ಅಯ್ಯೋ, ಅದು ನಮಗೆ ಗೊತ್ತು ಮಾಸ್ತರೆ," ಎಂದರು ವಕೀಲರು, ಮೇಜಿನ ಮೇಲಿದ್ದ ಕೋಟಿನ ಕಾಲರು ಸವರುತ್ತಾ.

"ಗೊತ್ತಾ?"

"ಬೀದಿಗೆಲ್ಲ ಗೊತ್ತು," ಎಂದ ಎಲೆಕ್ಟ್ರಿಕ್ ಅಂಗಡಿಯವನು. "ಕತ್ತರಿ ಮಾಸ್ತರದು, ಸೂಜಿ ಅಮ್ಮಂದು. ಅದಕ್ಕೇ ತಾನೇ ನಾವೆಲ್ಲ ಇಲ್ಲಿಗೆ ಬರೋದು! ನಿಮಗೇ ಗೊತ್ತಿಲ್ಲ ಅನ್ನೋದೊಂದು ನಮಗೆ ಗೊತ್ತಿರಲಿಲ್ಲ."

ಮಾಸ್ತರು ದೊಪ್ಪನೆ ಕೂತರು. ಯಾರಿಗೆ ಗೊತ್ತಾಗಬಾರದೆಂದು ಮೂರು ವರ್ಷ ಹೆದರಿ ಸತ್ತರೋ ಅವರಿಗೆಲ್ಲ ಗೊತ್ತಿದ್ದು, ಅವರಲ್ಲಿ ಒಬ್ಬರೂ ರಸ್ತೆಯ ಆಚೆ ಬದಿಗೆ ಹೋಗಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಅವರು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು.

ಸ್ವಲ್ಪ ಹೊತ್ತಿಗೆ ಸಾವರಿಸಿಕೊಂಡು ಹೆಂಡತಿಯ ಮುಖ ನೋಡಿದರು. "ಅಲ್ವೇ, ನಿನ್ನ ಗುಟ್ಟು ಕತ್ತಲಲ್ಲಿ ಭದ್ರವಾಗಿತ್ತು. ಬೆಳಕು ಬಂದರೆ ನನಗೆ ಗೊತ್ತಾಗಿಬಿಡುತ್ತೆ ಅಂತ ತಿಳಿದೂ, ಬೆಳಗಿಂದ ನನ್ನ ಜೊತೆ ನಿಂತು ಗುಂಡುಸೂಜಿ ಕಿತ್ತೆ, ಫೋನು ಮಾಡಿದೆ, ಪಂದ್ಯಾನೂ ಕಟ್ಟಿದೆ. ಈ ದೀಪ ಉರಿಯಲಿ ಅಂತ ನಿನಗ್ಯಾಕೆ ಅಷ್ಟು ಆಸೆ?"

ಹೆಂಡತಿ ಅವರ ಕೈಯಿಂದ ಪೋಣಿಸಿದ್ದ ಸೂಜಿಯನ್ನು ತೆಗೆದುಕೊಂಡು ಅವರನ್ನು ಪಕ್ಕಕ್ಕೆ ಸರಿಸಿದಳು. ಮೂವತ್ತೈದು ವರ್ಷದ ಆ ಜಾಗದಲ್ಲಿ ತಾನು ಕೂತು, ಮೊದಲನೆಯ ಕಾಜಕ್ಕೆ ಎಡಗೈಯಿಂದ ಸೂಜಿ ಹಾಕಿದಳು.

"ಆಸೆ ಇಲ್ಲದೆ ಏನ್ರೀ? ನೀವು ಹೊಲಿದದ್ದನ್ನೆಲ್ಲ ಅಡುಗೆಮನೆ ಬಾಗಿಲ ಮಂದ ಬೆಳಕಲ್ಲಿ ಕೂತು ಬಿಚ್ಚಿ ಬಿಚ್ಚಿ ನನ್ನ ಕಣ್ಣು ಹೋಗಿತ್ತು!"